ಎಲಿಜೆ ರೆಕ್ಲೂ: ಭೂಗೋಳದ ಪುಸ್ತಕ ಬರೆಯುತ್ತಲೇ ಬಂಡಾಯಗಾರರನ್ನು ಒಟ್ಟುಗೂಡಿಸಿದವನು

ಓದುಗರ ಪ್ರಶ್ನೆ: ಸರ್ಕಾರವೇ ಬೇಡ ಎನ್ನುತ್ತಿದ್ದ ರಷ್ಯಾದ ಅರಾಜಕತಾವಾದಿ ಕ್ರೊಪೊಟ್ಕಿನ್ ಬಗ್ಗೆ ಓದುವಾಗ ಎಲಿಜೆ ರೆಕ್ಲೂ ಎಂಬ ಫ್ರೆಂಚ್ ಲೇಖಕನ ಹೆಸರು ಮತ್ತೆ ಮತ್ತೆ ಬಂತು. ಕೆಲವರು ದೊಡ್ಡ ಭೂಗೋಳಶಾಸ್ತ್ರಜ್ಞ ಅಂತಾರೆ, ಕೆಲವರು ಅರಾಜಕತಾವಾದಿ ಅಂತಾರೆ. ಗಡೀಪಾರಾದ ಮನುಷ್ಯ, ಕೈಯಲ್ಲಿ ಪಕ್ಷವಿಲ್ಲ, ಸಂಘಟನೆಯಿಲ್ಲ. ಹಾಗಿದ್ದೂ ಇಷ್ಟೊಂದು ದೇಶಗಳ ಜನರ ಜೊತೆ ಸಂಪರ್ಕ ಹೇಗೆ ಸಾಧ್ಯವಾಯಿತು? ನಮ್ಮ ಕಡೆಗೂ ಏನಾದರೂ ನಂಟು ಇದೆಯೇ?

ಉತ್ತರ:

ಈ ಗೊಂದಲ ನಿಮ್ಮೊಬ್ಬರದ್ದಲ್ಲ. 1880ರ ದಶಕದ ಫ್ರೆಂಚ್ ಪೊಲೀಸರಿಗೂ ಇದೇ ಗೊಂದಲವಿತ್ತು. ಈತನ ಮನೆಗೆ ರಷ್ಯಾದವರು ಬರುತ್ತಾರೆ, ಇಟಲಿಯವರು ಬರುತ್ತಾರೆ, ಪ್ಯಾರಿಸ್‌ನಿಂದ ತಪ್ಪಿಸಿಕೊಂಡವರು ಬರುತ್ತಾರೆ. ಅಂದಮೇಲೆ ಇದು ಯಾವುದೋ ಗುಪ್ತ ಸಂಘದ ಕಚೇರಿಯೇ ಇರಬೇಕು ಎಂದು ಅವರು ಲೆಕ್ಕ ಹಾಕಿದರು. ಆದರೆ ಆ ಮನೆಯಲ್ಲಿ ದಿನವಿಡೀ ನಡೆಯುತ್ತಿದ್ದದ್ದು ನಕ್ಷೆ ಬರೆಯುವ ಮತ್ತು ಪ್ರೂಫ್ ತಿದ್ದುವ ಕೆಲಸ. ರೆಕ್ಲೂಗೆ ವಿಜ್ಞಾನದ ಗೆಳೆಯರು ಬೇರೆ, ರಾಜಕೀಯದ ಗೆಳೆಯರು ಬೇರೆ ಅಂತ ಇರಲಿಲ್ಲ. ಒಂದು ದೊಡ್ಡ ಪುಸ್ತಕ ಮಾಡಲು ಯಾರು ಬೇಕಿತ್ತೋ ಅವರೇ ಆತನ ಚಳವಳಿಯ ಜನ. ನಿಮ್ಮ ‘ಹೇಗೆ’ ಎಂಬ ಪ್ರಶ್ನೆಗೆ ನನ್ನ ಉತ್ತರ ಇದೇ. ಉಳಿದದ್ದು ಅದರ ವಿವರ.

ಆತ ಹುಟ್ಟಿದ್ದು 1830ರ ಮಾರ್ಚ್ 15ರಂದು, ಬೋರ್ದೋ ಸೀಮೆಯ ಸೇಂತ್-ಫ್ವಾ-ಲ-ಗ್ರಾಂದ್ ಎಂಬ ಸಣ್ಣ ಊರಿನಲ್ಲಿ. ಅಪ್ಪ ಪ್ರೊಟೆಸ್ಟೆಂಟ್ ಪಾದ್ರಿ, ಬಹಳ ಕಟ್ಟುನಿಟ್ಟಿನವರು. ಅಮ್ಮ ಶಾಲೆ ನಡೆಸಿ ಸಂಸಾರ ತೂಗಿಸಿದವರು. ಮನೆ ತುಂಬ ಮಕ್ಕಳು. ಮಗನೂ ಪಾದ್ರಿಯಾಗಲಿ ಎಂದು ಅಪ್ಪ ಜರ್ಮನಿಯ ನೋಯ್‌ವೀಟ್ ಎಂಬಲ್ಲಿದ್ದ ಮೊರೇವಿಯನ್ ಪಂಥದ ಶಾಲೆಗೆ ಕಳಿಸಿದರು. ಹುಡುಗನಿಗೆ ಅಲ್ಲಿ ದೇವರಿಗಿಂತ ಜಾಸ್ತಿ ಹಿಡಿಸಿದ್ದು ಬೇರೆ ಬೇರೆ ಭಾಷೆಗಳು. 1851ರಲ್ಲಿ ಬರ್ಲಿನ್‌ನಲ್ಲಿ ಕಾರ್ಲ್ ರಿಟರ್ ಎಂಬ ಭೂಗೋಳಶಾಸ್ತ್ರಜ್ಞರ ಪಾಠ ಕೇಳಿದ. ಅಲ್ಲಿಗೆ ಪಾದ್ರಿಯಾಗುವ ಆಸೆ ಪೂರ್ತಿ ಹೋಯಿತು. ಅದೇ ವರ್ಷ ಅಣ್ಣ ಎಲೀ ಜೊತೆ ಸ್ಟ್ರಾಸ್‌ಬರ್ಗ್‌ನಿಂದ ಫ್ರಾನ್ಸಿನ ಇನ್ನೊಂದು ತುದಿಯಲ್ಲಿದ್ದ ಮನೆಯವರೆಗೂ ನಡೆದುಕೊಂಡೇ ಬಂದ. ಜೊತೆಗೊಂದು ನಾಯಿ. ಎಲೀ ಹೆಸರನ್ನು ನೆನಪಿಡಿ. ಇಬ್ಬರೂ ಜೀವನಪೂರ್ತಿ ಒಬ್ಬರನ್ನೊಬ್ಬರು ಬಿಡಲಿಲ್ಲ, ರಾಜಕೀಯದಲ್ಲೂ ಬಿಡಲಿಲ್ಲ.

1851ರ ಡಿಸೆಂಬರ್‌ನಲ್ಲಿ ಫ್ರಾನ್ಸಿನ ಅಧ್ಯಕ್ಷ ಲೂಯಿ ನೆಪೋಲಿಯನ್ ಸಂಸತ್ತನ್ನು ಮುಚ್ಚಿ ಅಧಿಕಾರ ಕಿತ್ತುಕೊಂಡ. ಅಣ್ಣ-ತಮ್ಮ ಇಬ್ಬರೂ ಊರಲ್ಲೇ ಪ್ರತಿಭಟಿಸಿ, ಬಂಧನಕ್ಕೆ ಮೊದಲೇ ಇಂಗ್ಲೆಂಡಿಗೆ ಹೋದರು. ಅಲ್ಲಿಂದ ಐರ್ಲೆಂಡ್. ಮಹಾ ಕ್ಷಾಮ ಆಗಷ್ಟೇ ಮುಗಿದಿದ್ದ ಕಾಲ ಅದು. ಆಮೇಲೆ ಅಮೆರಿಕದ ಲೂಸಿಯಾನಾ. ಅಲ್ಲಿ ಕಬ್ಬಿನ ತೋಟದ ಮಾಲೀಕರ ಮನೆಯಲ್ಲಿ ಮಕ್ಕಳಿಗೆ ಪಾಠ ಹೇಳುವ ಕೆಲಸ ಸಿಕ್ಕಿತು. ಊಟ, ವಸತಿ, ಸಂಬಳ ಎಲ್ಲ ಚೆನ್ನಾಗಿತ್ತು. ಆದರೆ ಆ ಸಂಬಳ ಗುಲಾಮರ ದುಡಿಮೆಯಿಂದ ಬರುತ್ತಿತ್ತು. ಅದನ್ನು ತಿಂದುಕೊಂಡು ಇರಲಾರೆ ಎಂದು ಹೊರಟೇಬಿಟ್ಟ. ಮುಂದಿನ ನಿಲ್ದಾಣ ಇಂದಿನ ಕೊಲಂಬಿಯಾ. ಸಿಯೆರಾ ನೆವಾಡಾ ಬೆಟ್ಟಗಳಲ್ಲಿ ತೋಟ ಮಾಡಿ ನೆಲೆ ನಿಲ್ಲುವ ಆಸೆ ಇತ್ತು. ದುಡ್ಡೂ ಉಳಿಯಲಿಲ್ಲ, ಜ್ವರವೂ ಬಿಡಲಿಲ್ಲ. 1857ರಲ್ಲಿ ಬರಿಗೈಯಲ್ಲಿ ಫ್ರಾನ್ಸಿಗೆ ಮರಳಿದ.

ಬರಿಗೈ ಎಂದೆ, ಆದರೆ ತಲೆ ತುಂಬ ಸರಕಿತ್ತು. ಗುಲಾಮಗಿರಿಯನ್ನು ಕಣ್ಣಾರೆ ಕಂಡ ಫ್ರೆಂಚ್ ಬರಹಗಾರರು ಆಗ ಕಡಿಮೆ. ಅಮೆರಿಕದ ಅಂತರ್ಯುದ್ಧದ ಸಮಯದಲ್ಲಿ ಆತ ಬರೆದ ಲೇಖನಗಳಿಂದ ಹೆಸರು ಬಂತು. ಅಶೆಟ್ ಎಂಬ ದೊಡ್ಡ ಪ್ರಕಾಶನ ಸಂಸ್ಥೆ ಪ್ರವಾಸಿ ಕೈಪಿಡಿ ಬರೆಯುವ ಕೆಲಸ ಕೊಟ್ಟಿತು. 1858ರಲ್ಲಿ ಕ್ಲಾರಿಸ್ ಬ್ರಿಯಾನ್ ಜೊತೆ ಮದುವೆಯಾದ. ಆಕೆಯ ತಂದೆ ಫ್ರೆಂಚ್ ಹಡಗಿನ ಕಪ್ತಾನ, ತಾಯಿ ಸೆನೆಗಲ್‌ನ ಫುಲಾನಿ ಜನಾಂಗದವರು. ಆ ಕಾಲದ ಫ್ರಾನ್ಸಿನಲ್ಲಿ ಇಂಥ ಮದುವೆಗೆ ಸ್ವಲ್ಪ ಗುಂಡಿಗೆ ಬೇಕಿತ್ತು.

ಬಕೂನಿನ್ ಜೊತೆ ಪರಿಚಯವಾದದ್ದು 1864ರಲ್ಲಿ, ಪ್ಯಾರಿಸ್‌ನಲ್ಲಿ. ರಷ್ಯಾದ ಈ ಬಂಡಾಯಗಾರನಿಗೆ ಗುಪ್ತ ಸಂಘ ಕಟ್ಟುವ ಗೀಳು. ರೆಕ್ಲೂ ಸಹೋದರರೂ ಅದರೊಳಗೆ ಸೇರಿದರು. ಹಾಗಾಗಿ ಪೊಲೀಸರ ಅನುಮಾನ ಪೂರ್ತಿ ಬುಡವಿಲ್ಲದ್ದು ಎಂದು ನಾನು ಹೇಳುವುದಿಲ್ಲ. ‘ಮೊದಲ ಇಂಟರ್‌ನ್ಯಾಷನಲ್’ ಎಂಬ ಕಾರ್ಮಿಕರ ಅಂತರರಾಷ್ಟ್ರೀಯ ಸಂಘದಲ್ಲೂ ಆತ ಸದಸ್ಯ. ಆದರೆ ಕದ್ದುಮುಚ್ಚಿ ಮಾಡುವ ರಾಜಕೀಯ ಆತನ ಜಾಯಮಾನಕ್ಕೆ ಒಗ್ಗಲಿಲ್ಲ. ಬಕೂನಿನ್ ತೀರಿಕೊಂಡಾಗ, 1876ರಲ್ಲಿ, ಬರ್ನ್‌ನಲ್ಲಿ ಆತನ ಸಮಾಧಿಯ ಬಳಿ ಮಾತಾಡಿದವರಲ್ಲಿ ರೆಕ್ಲೂ ಒಬ್ಬ. ಬಕೂನಿನ್‌ನ ಚೆಲ್ಲಾಪಿಲ್ಲಿ ಹಸ್ತಪ್ರತಿಗಳಲ್ಲಿ ಒಂದನ್ನು ಇಟಲಿಯ ಕಾರ್ಲೊ ಕಾಫಿಯೆರೊ ಜೊತೆ ಸೇರಿ ಜೋಡಿಸಿ, 1882ರಲ್ಲಿ ಜಿನೀವಾದಲ್ಲಿ ‘ದೇವರು ಮತ್ತು ರಾಜ್ಯ’ ಎಂಬ ಹೆಸರಿನಲ್ಲಿ ಅಚ್ಚು ಹಾಕಿಸಿದ. ಬಕೂನಿನ್‌ನ ಪುಸ್ತಕಗಳಲ್ಲಿ ಇವತ್ತಿಗೂ ಜನ ಹೆಚ್ಚು ಓದುವುದು ಇದನ್ನೇ. ಅದರ ಹಿಂದೆ ಒಬ್ಬ ಭೂಗೋಳಕಾರನ ಸಂಪಾದಕ ಕೈ ಇದೆ.

ಇನ್ನು ಪ್ಯಾರಿಸ್ ಕಮ್ಯೂನ್. 1870ರಲ್ಲಿ ಜರ್ಮನ್ ಸೈನ್ಯ ಪ್ಯಾರಿಸ್‌ಗೆ ಮುತ್ತಿಗೆ ಹಾಕಿತು. ಆಗ ರೆಕ್ಲೂ ಛಾಯಾಗ್ರಾಹಕ ನದಾರ್‌ನ ಬಲೂನ್ ತಂಡದಲ್ಲಿದ್ದ. 1871ರ ಮಾರ್ಚ್‌ನಲ್ಲಿ ನಗರವೇ ಸರ್ಕಾರದ ವಿರುದ್ಧ ಎದ್ದು ಕಮ್ಯೂನ್ ಎಂಬ ತನ್ನದೇ ಆಡಳಿತ ಕಟ್ಟಿಕೊಂಡಾಗ ಸಾಮಾನ್ಯ ಸೈನಿಕನಾಗಿ ನ್ಯಾಷನಲ್ ಗಾರ್ಡ್ ಎಂಬ ನಾಗರಿಕ ಪಡೆಯ ಜೊತೆ ಹೊರಟ. ಏಪ್ರಿಲ್ 4ರಂದು ಶಾತಿಯೋನ್ ದಿಬ್ಬದ ಮೇಲೆ ಸಿಕ್ಕಿಬಿದ್ದ. ಆಮೇಲೆ ಒಂದರ ನಂತರ ಒಂದು ಜೈಲು. ಜೊತೆಯ ಕೈದಿಗಳಿಗೆ ಪಾಠ ಹೇಳುತ್ತಾ ದಿನ ಕಳೆದ. ನವೆಂಬರ್‌ನಲ್ಲಿ ತೀರ್ಪು ಬಂತು: ಪೆಸಿಫಿಕ್ ಸಾಗರದ ನ್ಯೂ ಕ್ಯಾಲಿಡೋನಿಯಾ ದ್ವೀಪಕ್ಕೆ ಸಾಗಿಸುವುದು. ಅಲ್ಲಿಗೆ ಹೋದವರು ಮರಳುವುದು ಕಷ್ಟ.

ಆಗ ನೆರವಿಗೆ ಬಂದದ್ದು ಆತನ ಭೂಗೋಳ. 1868–69ರಲ್ಲಿ ಎರಡು ಸಂಪುಟಗಳಲ್ಲಿ ಬಂದಿದ್ದ ‘ಭೂಮಿ’ ಎಂಬ ಪುಸ್ತಕ ಯುರೋಪಿನ ವಿಜ್ಞಾನಿಗಳಿಗೆ ಗೊತ್ತಿತ್ತು. ಇಂಗ್ಲೆಂಡಿನ ವಿದ್ವಾಂಸರು ಸಹಿ ಹಾಕಿ ಫ್ರೆಂಚ್ ಸರ್ಕಾರಕ್ಕೆ ಮನವಿ ಕಳಿಸಿದರು. ಅವರಲ್ಲಿ ಬಹಳ ಜನಕ್ಕೆ ಕಮ್ಯೂನ್ ಅಂದರೆ ಆಗುತ್ತಿರಲಿಲ್ಲ. ಒಬ್ಬ ವಿಜ್ಞಾನಿ ಹಾಳಾಗಬಾರದು ಎಂಬುದಷ್ಟೇ ಅವರ ಕಾಳಜಿ. 1872ರ ಫೆಬ್ರವರಿಯಲ್ಲಿ ಶಿಕ್ಷೆ ಹತ್ತು ವರ್ಷದ ಗಡೀಪಾರಿಗೆ ಇಳಿಯಿತು. ರೆಕ್ಲೂ ಸ್ವಿಟ್ಜರ್ಲೆಂಡಿಗೆ ಹೋದ. 1879ರಲ್ಲಿ ಸರ್ಕಾರ ಆತನಿಗೆ ಕ್ಷಮೆ ಕೊಡಲು ಬಂದಾಗ ಬೇಡ ಎಂದ. ಕಮ್ಯೂನಿನ ಬೇರೆಯವರೆಲ್ಲ ಇನ್ನೂ ಹೊರಗಿರುವಾಗ ನಾನೊಬ್ಬ ಒಳಗೆ ಬರುವುದಿಲ್ಲ ಎಂಬುದು ಆತನ ನಿಲುವು.

ನಿಮ್ಮ ಪ್ರಶ್ನೆಯ ತಿರುಳು ಈ ಸ್ವಿಟ್ಜರ್ಲೆಂಡಿನ ವರ್ಷಗಳಲ್ಲಿದೆ. ಅಶೆಟ್ ಜೊತೆ ಆತನದ್ದು ಭಾರೀ ಒಪ್ಪಂದ: ಇಡೀ ಜಗತ್ತಿನ ಭೂಗೋಳ ಬರೆಯುವುದು. ‘ಹೊಸ ವಿಶ್ವ ಭೂಗೋಳ’ದ ಮೊದಲ ಸಂಪುಟ 1876ರಲ್ಲಿ ಬಂತು, ಕೊನೆಯದು 1894ರಲ್ಲಿ. ಒಟ್ಟು 19 ಸಂಪುಟ, ಸಾವಿರಾರು ನಕ್ಷೆ. ಮೊದಲು ವಾರ ವಾರ ಕಂತಿನಲ್ಲಿ ಮಾರಾಟ, ಆಮೇಲೆ ಸಂಪುಟ. ಪುಸ್ತಕದಲ್ಲಿ ರಾಜಕೀಯ ಪ್ರಚಾರ ಬೇಡ ಎಂಬುದು ಪ್ರಕಾಶಕರ ಷರತ್ತು. ರೆಕ್ಲೂ ಒಪ್ಪಿಕೊಂಡ. ಪುಸ್ತಕದ ಒಳಗೆ ರಾಜಕೀಯ ಕಡಿಮೆ ಇರಬಹುದು, ಆದರೆ ಅದನ್ನು ಯಾರು ಮಾಡುತ್ತಾರೆ ಎಂಬುದಕ್ಕೆ ಷರತ್ತು ಇರಲಿಲ್ಲ!

ಯಾರು ಮಾಡಿದರು ನೋಡಿ. ನಕ್ಷೆಗಳ ಹೊಣೆ ಹೊತ್ತದ್ದು ಜಿನೀವಾದ ಶಾರ್ಲ್ ಪೆರೋನ್; ಆತ ಬಕೂನಿನ್ ಪರವಾದ ಜೂರಾ ಒಕ್ಕೂಟ ಎಂಬ ಸ್ವಿಸ್ ಕಾರ್ಮಿಕ ಸಂಘದವನು. ಕೆಲಕಾಲ ಕಾರ್ಯದರ್ಶಿಯಾಗಿದ್ದದ್ದು ಗುಸ್ತಾವ್ ಲೆಫ್ರಾನ್ಸೆ. ಪ್ಯಾರಿಸ್ ಕಮ್ಯೂನಿನ ಚುನಾಯಿತ ಸದಸ್ಯನಾಗಿದ್ದು ದೇಶ ಬಿಟ್ಟವನು. ಚೀನಾ, ಜಪಾನ್ ಭಾಗಗಳಿಗೆ ನೆರವಾದದ್ದು ಲೆವ್ ಮೆಚ್ನಿಕೋವ್. ಆತನ ಬದುಕೇ ಒಂದು ಕಾದಂಬರಿ: ಗ್ಯಾರಿಬಾಲ್ಡಿ ಜೊತೆ ಇಟಲಿಯಲ್ಲಿ ಹೋರಾಡಿ ಗಾಯಗೊಂಡವನು, ಟೋಕಿಯೋದಲ್ಲಿ ಮೇಷ್ಟ್ರಾಗಿದ್ದವನು, ಹಲವು ಭಾಷೆ ಬಲ್ಲವನು. ಮುಂದೆ ನೊಬೆಲ್ ಪಡೆದ ಜೀವವಿಜ್ಞಾನಿ ಇಲ್ಯಾ ಮೆಚ್ನಿಕೋವ್ ಇವನ ತಮ್ಮ. ಯುರೋಪಿನ ರಷ್ಯಾ ಬಗ್ಗೆ ಬರೆಯುವಾಗ ಮಿಖೈಲೋ ದ್ರಾಹೊಮಾನೊವ್ ಜೊತೆಗಿದ್ದ. ಕೀವ್ ವಿಶ್ವವಿದ್ಯಾಲಯ ಕೆಲಸದಿಂದ ತೆಗೆದು ಹಾಕಿದ್ದ ಉಕ್ರೇನಿನ ವಿದ್ವಾಂಸ ಆತ. ಸೈಬೀರಿಯಾ ಸಂಪುಟಕ್ಕೆ ಸ್ವತಃ ಕ್ರೊಪೊಟ್ಕಿನ್. ಆತ ಯೌವನದಲ್ಲಿ ಸೈಬೀರಿಯಾದ ಬೆಟ್ಟಗಳನ್ನು ಅಳೆದವನು, ಝಾರ್‌ನ ಜೈಲಿನಿಂದ ತಪ್ಪಿಸಿಕೊಂಡು ಬಂದವನು. ಅಂಥ ಪ್ರದೇಶದ ಬಗ್ಗೆ ಪ್ಯಾರಿಸ್‌ನ ಗ್ರಂಥಾಲಯದಲ್ಲಿ ಕೂತು ಬರೆದವರಿಗಿಂತ ಅವನಿಗೆ ಜಾಸ್ತಿ ಗೊತ್ತಿತ್ತು.

ಇಲ್ಲಿ ಎರಡು ಲಾಭ ಒಟ್ಟಿಗೇ ಆಗುತ್ತಿತ್ತು. ದೇಶಭ್ರಷ್ಟರಿಗೆ ಕೂಲಿ ಸಿಗುತ್ತಿತ್ತು. ಯಾವ ವಿಶ್ವವಿದ್ಯಾಲಯವೂ ಕೆಲಸ ಕೊಡದ ಜನ ಇವರು. ಪುಸ್ತಕಕ್ಕೆ ಆಯಾ ದೇಶದ ಒಳಗಿನವರ ತಿಳಿವಳಿಕೆ ಸಿಗುತ್ತಿತ್ತು. ಜಿನೀವಾ ಸರೋವರದ ದಡದ ಕ್ಲಾರಾನ್ ಎಂಬ ಹಳ್ಳಿಯಲ್ಲಿ ರೆಕ್ಲೂ ಮನೆ. ಜಗತ್ತಿನ ಎಲ್ಲ ಕಡೆಯ ಭೂಗೋಳ ಸಂಘಗಳಿಂದ ಅಲ್ಲಿಗೆ ಟಪಾಲು ಬರುತ್ತಿತ್ತು. ಅದೇ ವಿಳಾಸಕ್ಕೆ ಬಾರ್ಸಿಲೋನಾದ, ಲಿಯೋನ್‌ನ, ಲಂಡನ್‌ನ ಬಂಡಾಯಗಾರರ ಪತ್ರಗಳೂ ಬರುತ್ತಿದ್ದವು. ಸದಸ್ಯತ್ವದ ಪಟ್ಟಿ ಇಲ್ಲ, ಚಂದಾ ಇಲ್ಲ, ಅಧ್ಯಕ್ಷರಿಲ್ಲ. ಕೆಲಸ ಇದೆ, ಪತ್ರ ಇದೆ, ಊಟ ಇದೆ, ಅಷ್ಟೇ.

ಇದರ ಪಕ್ಕದಲ್ಲೇ ನೇರ ಚಳವಳಿಯ ಕೆಲಸವೂ ಸಾಗುತ್ತಿತ್ತು. 1879ರಲ್ಲಿ ಕ್ರೊಪೊಟ್ಕಿನ್ ಮತ್ತು ಗೆಳೆಯರು ಜಿನೀವಾದಲ್ಲಿ ‘ಲ ರೆವೋಲ್ತೆ’ ಎಂಬ ಪತ್ರಿಕೆ ಶುರು ಮಾಡಿದರು. ರೆಕ್ಲೂ ಅದಕ್ಕೆ ಬರೆದ, ಬೇಕಾದಾಗ ದುಡ್ಡೂ ಕೊಟ್ಟ. 1882ರ ಕೊನೆಗೆ ಫ್ರಾನ್ಸಿನಲ್ಲಿ ಕ್ರೊಪೊಟ್ಕಿನ್ ಬಂಧನವಾಯಿತು. ಮುಂದಿನ ಜನವರಿಯಲ್ಲಿ ಲಿಯೋನ್ ನಗರದಲ್ಲಿ ಅರಾಜಕತಾವಾದಿಗಳ ದೊಡ್ಡ ವಿಚಾರಣೆ. ಕ್ರೊಪೊಟ್ಕಿನ್‌ಗೆ ಐದು ವರ್ಷ ಜೈಲು. ಅಂತರರಾಷ್ಟ್ರೀಯ ಅರಾಜಕತಾವಾದಿ ಸಂಘಕ್ಕೆ ಕ್ರೊಪೊಟ್ಕಿನ್ ಮತ್ತು ರೆಕ್ಲೂ ಇಬ್ಬರೇ ಮುಖಂಡರು, ರೆಕ್ಲೂ ಹೊರದೇಶದಲ್ಲಿರುವುದರಿಂದ ಹಿಡಿಯಲಾಗದು ಎಂಬ ಮಾತು ಪತ್ರಿಕೆಗಳಲ್ಲಿ ಬಂತು. ಅದನ್ನು ಓದಿದ ರೆಕ್ಲೂ ತನಿಖೆಯ ನ್ಯಾಯಾಧೀಶರಿಗೆ ಬಹಿರಂಗ ಪತ್ರ ಬರೆದ. ನನ್ನನ್ನು ಹಿಡಿಯಲು ತೊಂದರೆ ಪಡಬೇಡಿ, ಜಾಗ, ದಿನ, ಹೊತ್ತು ತಿಳಿಸಿದರೆ ನಾನೇ ಬಂದು ಬಾಗಿಲು ತಟ್ಟುತ್ತೇನೆ ಎಂಬುದು ಅದರ ಸಾರ. ಯಾರೂ ಕರೆಯಲಿಲ್ಲ. ಜಗತ್ತಿಗೆಲ್ಲ ಹೆಸರಾದ ಭೂಗೋಳಶಾಸ್ತ್ರಜ್ಞನನ್ನು ಕಟಕಟೆಯಲ್ಲಿ ನಿಲ್ಲಿಸುವುದು ಸರ್ಕಾರಕ್ಕೂ ಬೇಡವಾಗಿತ್ತು, ಅಲ್ವಾ?

ಕ್ರೊಪೊಟ್ಕಿನ್ ಜೈಲಿನಲ್ಲಿದ್ದಾಗ ಪತ್ರಿಕೆ ನಿಲ್ಲದಂತೆ ನೋಡಿಕೊಂಡದ್ದೂ ರೆಕ್ಲೂವೇ. ಪ್ಯಾರಿಸ್‌ನಿಂದ ಜಾನ್ ಗ್ರಾವ್ ಎಂಬ ಚಪ್ಪಲಿ ಹೊಲಿಯುವ ಕಸುಬಿನ ಯುವಕನನ್ನು ಕರೆಸಿ ಸಂಪಾದಕನಾಗಿ ಕೂರಿಸಿದ. ಗ್ರಾವ್ ಆ ಪತ್ರಿಕೆಯನ್ನು ಹೆಸರು ಬದಲಾಯಿಸುತ್ತಾ ಮೊದಲ ಮಹಾಯುದ್ಧದವರೆಗೂ ನಡೆಸಿದ. ಕ್ರೊಪೊಟ್ಕಿನ್‌ನ ಲೇಖನಗಳನ್ನು ಆಯ್ದು, ಮುನ್ನುಡಿ ಬರೆದು 1885ರಲ್ಲಿ ‘ಒಬ್ಬ ಬಂಡಾಯಗಾರನ ಮಾತುಗಳು’ ಹೊರತಂದದ್ದು ರೆಕ್ಲೂ. 1892ರ ‘ರೊಟ್ಟಿಯ ಗೆಲುವು’ ಪುಸ್ತಕಕ್ಕೂ ಆತನದ್ದೇ ಮುನ್ನುಡಿ. ಬೇರೆಯವರ ಬರಹವನ್ನು ಹಸನು ಮಾಡಿ ಲೋಕಕ್ಕೆ ಮುಟ್ಟಿಸುವುದರಲ್ಲಿ ಆತನಿಗಿದ್ದ ತಾಳ್ಮೆ ದೊಡ್ಡದು. ಚರಿತ್ರೆಯಲ್ಲಿ ಬಕೂನಿನ್, ಕ್ರೊಪೊಟ್ಕಿನ್ ಹೆಸರು ಮೇಲೆ ಬಂದು ರೆಕ್ಲೂ ಹೆಸರು ಕೆಳಗೆ ಉಳಿಯಲು ಇದೂ ಒಂದು ಕಾರಣ ಎಂದು ನನ್ನ ಅನಿಸಿಕೆ.

ಹೊಗಳಿಕೆ ಇಷ್ಟು ಸಾಕು, ತಕರಾರುಗಳನ್ನೂ ಹೇಳಬೇಕು. 1890ರ ದಶಕದಲ್ಲಿ ಫ್ರಾನ್ಸಿನಲ್ಲಿ ಅರಾಜಕತಾವಾದಿಗಳ ಬಾಂಬ್ ದಾಳಿಗಳು ನಡೆದಾಗ ರೆಕ್ಲೂ ಸ್ವತಃ ಯಾವ ಹಿಂಸೆಗೂ ಇಳಿಯಲಿಲ್ಲ. ಆದರೆ ಬಾಂಬ್ ಹಾಕಿದವರನ್ನು ನೇರವಾಗಿ ಖಂಡಿಸಲೂ ಇಲ್ಲ. ಹಿಂಸೆಯ ಮೂಲ ಸಮಾಜದಲ್ಲಿದೆ ಎಂದು ಸುಮ್ಮನಾದ. ನನಗೆ ಇದು ಸಾಲದು. ಎರಡನೆಯದು ಅಲ್ಜೀರಿಯಾ. ಭಾರತದಲ್ಲಿ ಬ್ರಿಟಿಷರ ಆಳ್ವಿಕೆಯನ್ನು ಟೀಕಿಸಿದ ಮನುಷ್ಯ, ತನ್ನದೇ ದೇಶದವರು ಅಲ್ಜೀರಿಯಾದಲ್ಲಿ ನೆಲೆಸಿದ್ದರ ಬಗ್ಗೆ ಮೆದುವಾಗಿ ಬರೆದ. ಆತನ ಮಗಳು ಮಗಾಲಿ ಮತ್ತು ಅಳಿಯ ಅಲ್ಲೇ ಜಮೀನು ಮಾಡಿಕೊಂಡು ನೆಲೆ ನಿಂತಿದ್ದರು ಎಂಬುದನ್ನೂ ಸೇರಿಸಿ ಓದಬೇಕು. ಅಂದಹಾಗೆ ಮಗಾಲಿ, ಜಾನಿ ಇಬ್ಬರೂ ಹೆಣ್ಣುಮಕ್ಕಳು 1882ರಲ್ಲಿ ಚರ್ಚೂ ಇಲ್ಲದೆ, ಸರ್ಕಾರಿ ದಾಖಲೆಯೂ ಇಲ್ಲದೆ, ಮನೆಯವರ ಮುಂದೆ ಮಾತ್ರ ಸಂಗಾತಿಗಳನ್ನು ಒಪ್ಪಿಕೊಂಡರು. ಪತ್ರಿಕೆಗಳಲ್ಲಿ ದೊಡ್ಡ ಗುಲ್ಲಾಯಿತು.

ರೆಕ್ಲೂ 1890ರಲ್ಲಿ ಫ್ರಾನ್ಸಿಗೆ ಮರಳಿದ. 1892ರಲ್ಲಿ ಪ್ಯಾರಿಸ್ ಭೂಗೋಳ ಸಂಘದ ಚಿನ್ನದ ಪದಕ, ಎರಡು ವರ್ಷದ ಮೇಲೆ ಲಂಡನ್ನಿನ ರಾಯಲ್ ಜಿಯಾಗ್ರಫಿಕಲ್ ಸೊಸೈಟಿಯ ಪದಕ. ಈ ಮಧ್ಯೆ ಬ್ರಸೆಲ್ಸ್‌ನ ಸ್ವತಂತ್ರ ವಿಶ್ವವಿದ್ಯಾಲಯ ಆತನನ್ನು ಪಾಠಕ್ಕೆ ಕರೆದಿತ್ತು. 1893ರ ಡಿಸೆಂಬರ್‌ನಲ್ಲಿ ಒಗ್ಯುಸ್ತ್ ವಾಯಾನ್ ಎಂಬಾತ ಫ್ರೆಂಚ್ ಸಂಸತ್ತಿನೊಳಗೆ ಬಾಂಬ್ ಎಸೆದ. ವಿಶ್ವವಿದ್ಯಾಲಯ ಹೆದರಿ ರೆಕ್ಲೂ ಪಾಠವನ್ನು ಮುಂದೂಡಿತು. ವಿದ್ಯಾರ್ಥಿಗಳು, ಕೆಲವು ಪ್ರಾಧ್ಯಾಪಕರು ಸಿಟ್ಟಿಗೆದ್ದರು. ಪಾಠ ಬೇರೆ ಸಭಾಂಗಣದಲ್ಲಿ ನಡೆದೇಬಿಟ್ಟಿತು. 1894ರಲ್ಲೇ ‘ಹೊಸ ವಿಶ್ವವಿದ್ಯಾಲಯ’ ಎಂಬ ಬೇರೆ ಸಂಸ್ಥೆಯೇ ಹುಟ್ಟಿತು. ಕೊನೆಯವರೆಗೂ ಆತ ಅಲ್ಲಿ ಪಾಠ ಮಾಡಿದ.

ಅದೇ ಬಾಂಬ್ ಪ್ರಕರಣದ ಬಿರುಗಾಳಿ ಎಲೀ ಮಗ ಪೋಲ್ ರೆಕ್ಲೂವನ್ನೂ ಹೊಡೆಯಿತು. ಪೊಲೀಸರು ಬೆನ್ನು ಹತ್ತಿದಾಗ ಆತ ಹೆಸರು ಬದಲಿಸಿಕೊಂಡು ಸ್ಕಾಟ್ಲೆಂಡ್ ಸೇರಿದ. ಅಲ್ಲಿ ಕೆಲಸ ಕೊಟ್ಟದ್ದು ಎಡಿನ್‌ಬರ್ಗ್‌ನ ಪ್ಯಾಟ್ರಿಕ್ ಗೆಡ್ಡಿಸ್. ಗೆಡ್ಡಿಸ್ ಅರಾಜಕತಾವಾದಿಯಲ್ಲ; ಜೀವವಿಜ್ಞಾನ ಓದಿ ನಗರ ಯೋಜನೆಗೆ ಬಂದವರು. ರೆಕ್ಲೂವನ್ನು ಗುರುವಿನಂತೆ ಕಂಡವರು. ಗೆಡ್ಡಿಸ್ ನಡೆಸುತ್ತಿದ್ದ ಬೇಸಿಗೆ ಶಿಬಿರಗಳಲ್ಲಿ ರೆಕ್ಲೂ ಪಾಠ ಮಾಡಿದ್ದ. 1900ರ ಪ್ಯಾರಿಸ್ ಪ್ರದರ್ಶನಕ್ಕಾಗಿ ಒಂದು ಲಕ್ಷಕ್ಕೊಂದು ಅಳತೆಯ, ಅಂದರೆ ಸುಮಾರು 127 ಮೀಟರ್ ಅಡ್ಡಗಲದ, ಭೂಮಿಯ ಗೋಳಾಕಾರದ ಮಾದರಿ ಕಟ್ಟುವ ಹುಚ್ಚು ರೆಕ್ಲೂಗೆ ಹಿಡಿದಾಗ ಗೆಡ್ಡಿಸ್ ಬೆನ್ನಿಗೆ ನಿಂತರು. ದುಡ್ಡು ಹೊಂದಲಿಲ್ಲ, ಆ ಮಾದರಿ ಕಾಗದದಲ್ಲೇ ಉಳಿಯಿತು.

ಸ್ಪೇನಿನ ಫ್ರಾನ್ಸಿಸ್ಕೊ ಫೆರರ್ 1901ರಲ್ಲಿ ಬಾರ್ಸಿಲೋನಾದಲ್ಲಿ ಚರ್ಚಿನ ಹಿಡಿತವಿಲ್ಲದ ‘ಆಧುನಿಕ ಶಾಲೆ’ ತೆರೆದಾಗ, ಮಕ್ಕಳಿಗೆ ಯಾವ ಭೂಗೋಳ ಪಠ್ಯ ಇಡಲಿ ಎಂದು ಕೇಳಿದ್ದು ರೆಕ್ಲೂವನ್ನೇ. ಧರ್ಮದ ಅಥವಾ ದೇಶಾಭಿಮಾನದ ವಿಷ ಇಲ್ಲದ ಒಂದು ಪಠ್ಯವೂ ನನಗೆ ಗೊತ್ತಿಲ್ಲ, ಸದ್ಯಕ್ಕೆ ಪುಸ್ತಕವಿಲ್ಲದೆ ಕಲಿಸಿ ಎಂಬರ್ಥದ ಉತ್ತರ ಬಂತು. ಜೀವನವೆಲ್ಲ ಭೂಗೋಳದ ಪುಸ್ತಕ ಬರೆದವನ ಸಲಹೆ ಇದು! ರೆಕ್ಲೂವಿನ ಕೊನೆಯ ದೊಡ್ಡ ಕೃತಿ, ಆರು ಸಂಪುಟಗಳ ‘ಮನುಷ್ಯ ಮತ್ತು ಭೂಮಿ’ಯನ್ನು ಸ್ಪ್ಯಾನಿಷ್‌ನಲ್ಲಿ ಪ್ರಕಟಿಸಿದ್ದು ಫೆರರ್. 1909ರಲ್ಲಿ ಸ್ಪೇನ್ ಸರ್ಕಾರ ಫೆರರ್‌ನನ್ನು ಗುಂಡಿಟ್ಟು ಕೊಂದಿತು.

ರೆಕ್ಲೂ ತೀರಿಕೊಂಡದ್ದು 1905ರ ಜುಲೈ 4ರಂದು, ಬೆಲ್ಜಿಯಂನಲ್ಲಿ. ‘ಮನುಷ್ಯ ಮತ್ತು ಭೂಮಿ’ ಅಚ್ಚಿನಲ್ಲಿತ್ತು. ಪೋಲ್ ಅದನ್ನು 1908ರ ಹೊತ್ತಿಗೆ ಮುಗಿಸಿದ. ಸಂಪರ್ಕಗಳೂ ಪೋಲ್ ಕೈಗೆ ಬಂದವು, ಏಷ್ಯಾಕ್ಕೂ ಹಬ್ಬಿದವು. ಚೀನಾದಿಂದ ಓದಲು ಬಂದಿದ್ದ ಲೀ ಶಿಝೆಂಗ್‌ಗೆ ಕ್ರೊಪೊಟ್ಕಿನ್, ರೆಕ್ಲೂ ವಿಚಾರಗಳನ್ನು ಪರಿಚಯಿಸಿದ್ದು ಪೋಲ್. ರೆಕ್ಲೂ ಹಾಗೆ ಲೀ ಕೂಡ ಸಸ್ಯಾಹಾರಿ. ಪ್ಯಾರಿಸ್ ಪಕ್ಕದಲ್ಲಿ ಸೋಯಾ ಕಾಳಿನಿಂದ ತೋಫು ಮಾಡುವ ಕಾರ್ಖಾನೆ ತೆರೆದ. ಚೀನಾದ ಹುಡುಗರು ಫ್ರಾನ್ಸಿಗೆ ಬಂದು ದುಡಿಯುತ್ತಾ ಓದುವ ವ್ಯವಸ್ಥೆಯನ್ನು ಮುಂದೆ ಕಟ್ಟಿದವರಲ್ಲಿ ಲೀ ಪ್ರಮುಖ. ಹಾಗೆ ಬಂದ ಹುಡುಗರಲ್ಲಿ ಮುಂದೆ ಚೀನಾದ ನಾಯಕನಾದ ಡೆಂಗ್ ಷಿಯಾವೊಪಿಂಗ್ ಒಬ್ಬ. ಜಪಾನಿನ ಇಶಿಕಾವಾ ಸಾನ್‌ಶಿರೊ ತನ್ನ ದೇಶದಲ್ಲಿ ಉಳಿಯಲಾಗದೆ 1913ರಲ್ಲಿ ಯುರೋಪಿಗೆ ಬಂದು, ಮಹಾಯುದ್ಧದ ವರ್ಷಗಳನ್ನು ಪೋಲ್ ಕುಟುಂಬದ ಜೊತೆ ಕಳೆದ. ಊರಿಗೆ ಮರಳಿದ ಮೇಲೆ ರೆಕ್ಲೂ ಬರಹವನ್ನು ಜಪಾನಿ ಭಾಷೆಗೆ ಅನುವಾದಿಸಿದ.

ಇನ್ನು ನಮ್ಮ ಕಡೆಯ ನಂಟು. ರೆಕ್ಲೂ ಭಾರತಕ್ಕೆ ಬಂದವನಲ್ಲ. ಆದರೆ ಆತನ ಇಬ್ಬರು ಆಪ್ತರು ಬಂದರು. ಒಬ್ಬರು ಅಲೆಕ್ಸಾಂದ್ರಾ ಡೇವಿಡ್-ನೀಲ್. ಟಿಬೆಟಿನ ಲಾಸಾಕ್ಕೆ ವೇಷ ಮರೆಸಿ ಹೋದ ಆಕೆಯ ಕಥೆ ನಿಮಗೆ ಗೊತ್ತಿರಬಹುದು. ಅದಕ್ಕೆ ಬಹಳ ಮೊದಲು, 1898ರಲ್ಲಿ, ಆಕೆ ಬರೆದ ಅರಾಜಕತಾವಾದಿ ಕಿರುಪುಸ್ತಕಕ್ಕೆ ಮುನ್ನುಡಿ ಬರೆದದ್ದು ರೆಕ್ಲೂ. ಇನ್ನೊಬ್ಬರು ಗೆಡ್ಡಿಸ್. 1914ರಲ್ಲಿ ಮದ್ರಾಸ್ ಗವರ್ನರ್ ಲಾರ್ಡ್ ಪೆಂಟ್‌ಲೆಂಡ್ ಕರೆಯ ಮೇಲೆ ಬಂದರು. ಅವರ ನಗರ ಪ್ರದರ್ಶನದ ಸಾಮಾನು ತುಂಬಿದ್ದ ಹಡಗನ್ನು ಜರ್ಮನ್ ಯುದ್ಧನೌಕೆ ಎಂಡೆನ್ ಮುಳುಗಿಸಿತು. ಗೆಳೆಯರು ಮತ್ತೆ ಸಾಮಾನು ಹೊಂದಿಸಿ ಕಳಿಸಿದರು. ಆಮೇಲೆ ಮದ್ರಾಸ್ ಪ್ರಾಂತ್ಯದ ಊರುಗಳನ್ನು ಸುತ್ತಿ 1915ರಲ್ಲಿ ಬರೆದ ವರದಿಗಳಲ್ಲಿ ಬಳ್ಳಾರಿಯದೂ ಒಂದು. ಬಳ್ಳಾರಿ ಆಗ ಆ ಪ್ರಾಂತ್ಯದಲ್ಲಿತ್ತು.

ಇದರಿಂದ ಬಳ್ಳಾರಿಗೆ ಅರಾಜಕತಾವಾದ ಬಂತು ಎಂದರೆ ನಗೆಪಾಟಲು. ಗೆಡ್ಡಿಸ್ ಬಂದದ್ದು ಸರ್ಕಾರದ ಅತಿಥಿಯಾಗಿ. ಆದರೆ ಊರನ್ನು ಕೆಡವಿ ನೇರ ರಸ್ತೆ ಹಾಕುವ ಬದಲು ಮೊದಲು ಕಾಲ್ನಡಿಗೆಯಲ್ಲಿ ಸುತ್ತಿ ಜನ ಹೇಗೆ ಬದುಕುತ್ತಾರೆ ನೋಡು, ಹಳೆಯದನ್ನು ಆದಷ್ಟು ಉಳಿಸು ಎಂಬ ಅವರ ಹಟವಿದೆಯಲ್ಲ, ಅದರಲ್ಲಿ ರೆಕ್ಲೂ ಪಾಠದ ಛಾಯೆ ನನಗೆ ಕಾಣುತ್ತದೆ. ರೆಕ್ಲೂವನ್ನೇ ನೇರ ಓದಬೇಕು ಅನಿಸಿದರೆ ವಿಶ್ವ ಭೂಗೋಳದ ಎಂಟನೇ ಸಂಪುಟದಿಂದ ಶುರು ಮಾಡಿ. 1883ರಲ್ಲಿ ಬಂದ ಅದರ ವಿಷಯವೇ ಭಾರತ ಮತ್ತು ಇಂಡೋಚೀನಾ. ಹಳೆಯ ಇಂಗ್ಲಿಷ್ ಅನುವಾದ ಪುಸ್ತಕಗಳ ಡಿಜಿಟಲ್ ಸಂಗ್ರಹಗಳಲ್ಲಿ ಪುಕ್ಕಟೆ ಸಿಗುತ್ತದೆ. ದಖ್ಖನ್ ಭಾಗಕ್ಕೆ ನೇರ ಹೋಗಿ.